ಓಕ್ ಮರದ ಕಣಜದ ಗಂಟುಗಳನ್ನು ಗುರುತಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಓಕ್ ಎಲೆಯನ್ನು ಮಗುಚಿದರೆ ಅಂಗಿ ಗುಂಡಿಯಂಥ ಬಿಲ್ಲೆಗಳು. ಕಡ್ಡಿಯ ಮೇಲೆ ಗೋಲಿ. ಕಾಯಿ ಇರಬೇಕಾದ ಜಾಗದಲ್ಲಿ ಅಂಟಂಟಾದ ಮುದ್ದೆ. ಕಣಜಗಳಿಂದಾಗಿ ಓಕ್ ಮರದಲ್ಲಿ ಏಳುವ ಈ ಗಂಟುಗಳನ್ನು ಕಂಡವರೆಲ್ಲ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅದಕ್ಕೇ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಮೊದಲೇ ಒಂದು ಮಾತು: ಹುಳುವಿನ ಹಿಂದೆ ಬೀಳಬೇಡಿ, ಗಂಟನ್ನು ನೋಡಿ. ಈ ಕಣಜಗಳನ್ನು ಬಿಡಿಬಿಡಿಯಾಗಿ ಗುರುತಿಸುವುದು ಸೂಕ್ಷ್ಮದರ್ಶಕದ ಕೆಲಸ. ಅವು ಕಟ್ಟಿಸುವ ಗಂಟುಗಳಾದರೆ ಒಂದೊಂದೂ ಒಂದೊಂದು ಥರ. ಬರಿಗಣ್ಣೇ ಸಾಕಾಗುತ್ತದೆ.

ಇದು ಹಣ್ಣಾ, ಗೂಡಾ, ಇಲ್ಲ ಮರಕ್ಕೆ ಬಂದ ರೋಗವಾ?

ಮೂರೂ ಅಲ್ಲ. ಗಂಟು ಮರದ್ದೇ ಮೈ. ಜೇಡ ಬಲೆ ನೇಯ್ದ ಹಾಗೆ ಕಣಜ ಇದನ್ನು ಕಟ್ಟಿದ್ದಲ್ಲ, ಮರದ ಕೈಯಲ್ಲೇ ಕಟ್ಟಿಸಿಕೊಂಡದ್ದು. ಹೆಣ್ಣು ಕಣಜ ಎಳೆಯ ಎಲೆಗೋ ಮೊಗ್ಗಿಗೋ ಸೂಜಿಯಂಥ ಅಂಗ ಚುಚ್ಚಿ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದು ಬಂದ ಮರಿಹುಳುವಿನ ಸುತ್ತ ಮರದ ಜೀವಕೋಶಗಳು ದಾರಿ ತಪ್ಪಿ ಬೆಳೆಯತೊಡಗುತ್ತವೆ. ಮರಿಹುಳು ಜೊಲ್ಲಿನ ಜೊತೆ ಬಿಡುವ ರಸಗಳು ಇದನ್ನು ಮಾಡಿಸುತ್ತವೆ ಎನ್ನುತ್ತಾರೆ. ಶುರುವಿನಲ್ಲೇ ಮರಿಹುಳು ಸತ್ತರೆ ಗಂಟಿನ ಬೆಳವಣಿಗೆಯೂ ಅಲ್ಲಿಗೇ ನಿಂತುಬಿಡುತ್ತದೆ.

ಗಂಟಿನ ನಡುವೆ ಒಂದು ಪುಟ್ಟ ಕೋಣೆ. ಅದರ ಒಳಗೋಡೆಯ ತುಂಬ ಪೌಷ್ಟಿಕ ಜೀವಕೋಶಗಳು. ಮರಿಹುಳು ಕುಳಿತಲ್ಲೇ ಗೋಡೆಯನ್ನು ಮೇಯುತ್ತದೆ. ಇಷ್ಟು ತಿಂದೂ ಪೂರ್ತಿ ಬೆಳೆಯುವ ತನಕ ಅದು ಹಿಕ್ಕೆ ಹಾಕುವುದಿಲ್ಲ! ಮುಚ್ಚಿದ ಕೋಣೆಯಲ್ಲಿ ಇರುವವರಿಗೆ ಅದು ಬೇಕಾದ ಗುಣವೇ ಬಿಡಿ. ಕನ್ನಡದಲ್ಲಿ ಕಣಜ ಎಂದರೆ ಈ ಹುಳುವೂ ಹೌದು, ಕಾಳು ತುಂಬಿಡುವ ಕಣಜವೂ ಹೌದು. ಓಕ್ ಕಣಜದ ವಿಷಯದಲ್ಲಿ ಎರಡು ಅರ್ಥವೂ ಸರಿಹೊಂದುತ್ತವೆ.

ಮಾಚಿಕಾಯಿ ಅನ್ನುತ್ತಾರಲ್ಲ, ಅದೂ ಇದೇನಾ?

ಹೌದು. ಹೆಸರಲ್ಲಿ ಕಾಯಿ ಇದ್ದರೂ ಅದು ಕಾಯಿಯಲ್ಲ. ಪಶ್ಚಿಮ ಏಷ್ಯಾ ಮತ್ತು ಮೆಡಿಟರೇನಿಯನ್ ಕಡೆ ಬೆಳೆಯುವ ಕ್ವೆರ್ಕಸ್ ಇನ್‌ಫೆಕ್ಟೋರಿಯಾ ಎಂಬ ಓಕ್‌ನ ಮೇಲೆ ಒಂದು ಕಣಜ ಮಾಡಿಸುವ ಗಂಟು. ಗಟ್ಟಿ, ಗುಂಡಗೆ, ಮೇಲೆಲ್ಲ ಸಣ್ಣ ಸಣ್ಣ ಉಬ್ಬು. ತೂತಿಲ್ಲದ ಮಾಚಿಕಾಯಿ ಒಡೆದರೆ ಒಳಗೆ ಒಣಗಿದ ಹುಳು ಸಿಗುವುದುಂಟು. ತೂತಿದ್ದರೆ ಕಣಜ ಹಾರಿಹೋಗಿದೆ ಎಂದರ್ಥ.

ಗುರುತಿಸೋಕೆ ಎಲ್ಲಿಂದ ಶುರು ಮಾಡಲಿ?

ಬಣ್ಣದಿಂದ ಮಾತ್ರ ಬೇಡ. ಎಲ್ಲರೂ ಮೊದಲು ಬಣ್ಣ ಹೇಳುತ್ತಾರೆ. ಒಂದೇ ಗಂಟು ಜೂನ್‌ನಲ್ಲಿ ಹಸಿರು, ಆಗಸ್ಟ್‌ನಲ್ಲಿ ಕೆಂಪು, ಅಕ್ಟೋಬರ್‌ನಲ್ಲಿ ಕಂದು ಇರಬಹುದು. ಬಿಸಿಲು ಬಿದ್ದ ಕಡೆ ಕೆಂಪು, ನೆರಳಿನ ಕಡೆ ಹಸಿರು ಇರುವುದೂ ಇದೆ.

ಮೊದಲು ಕೇಳಿಕೊಳ್ಳಬೇಕಾದ್ದು ಇದು ಯಾವ ಓಕ್ ಎಂದು. ಪ್ರಪಂಚದಲ್ಲಿ ಸುಮಾರು 1,000 ಜಾತಿಯ ಓಕ್ ಕಣಜಗಳನ್ನು ಹೆಸರಿಸಿದ್ದಾರೆ. ಹೆಚ್ಚಿನವು ತಮಗೆ ಒಗ್ಗಿದ ಒಂದೇ ಗುಂಪಿನ ಓಕ್‌ಗಳನ್ನು ಬಿಟ್ಟು ಬೇರೆ ಕಡೆ ಹೋಗುವುದಿಲ್ಲ. ಆಮೇಲೆ ಮರದ ಯಾವ ಭಾಗ? ಎಲೆಯಾ, ಮೊಗ್ಗಾ, ಕಡ್ಡಿಯಾ, ಜೋತುಬೀಳುವ ಗಂಡು ಹೂಗೊಂಚಲಾ, ಕಾಯಿಯಾ, ಬೇರಾ? ಎಲೆಯಾದರೆ ಮೇಲ್ಭಾಗವೋ ಕೆಳಭಾಗವೋ, ನರದ ಮೇಲೋ ನರಗಳ ನಡುವೆಯೋ ನೋಡಿ. ಒಂದು ಜಾತಿಯ ಕಣಜ, ಆಯಾ ತಲೆಮಾರಿನ ಮಟ್ಟಿಗೆ, ಈ ಜಾಗದ ವಿಷಯದಲ್ಲಿ ಬಹಳ ಶಿಸ್ತು. ಮೊಗ್ಗಿನ ಕಣಜ ಎಲ್ಲೋ ಮೂಡ್ ಬಂತೆಂದು ಎಲೆಯ ಮೇಲೆ ಗಂಟು ಮಾಡುವುದಿಲ್ಲ. ಮೂರನೆಯದು ತಿಂಗಳು.

ಇಷ್ಟು ಗೊತ್ತಾದ ಮೇಲೂ ಅನುಮಾನ ಉಳಿದರೆ ಚಾಕು ತಗೊಂಡು ಒಂದು ಗಂಟನ್ನು ಸರಿ ಅರ್ಧಕ್ಕೆ ಕೊಯ್ಯಿರಿ. ಒಳಗೆ ಒಂದೇ ಕೋಣೆಯಾ, ಹತ್ತಾರು ಕೋಣೆಗಳಾ? ಸಿಪ್ಪೆಗೂ ಕೋಣೆಗೂ ನಡುವೆ ಸ್ಪಂಜು ಇದೆಯಾ, ಮರದಷ್ಟು ಗಟ್ಟಿಯಾ, ಟೊಳ್ಳಾ? ಹೊರಗಿನ ನೋಟ ಎಷ್ಟೋ ಸಲ ಮೋಸ ಮಾಡುತ್ತದೆ. ಒಳಗಿನ ನಕ್ಷೆ ಮೋಸ ಮಾಡುವುದು ಕಡಿಮೆ.

ಯಾವ ಓಕ್ ಅಂತ ಗೊತ್ತಾಗೋದು ಹೇಗೆ? ನನಗೆ ಎಲ್ಲಾ ಒಂದೇ ಥರ ಕಾಣ್ತವೆ.

ಜಾತಿಯ ತನಕ ಹೋಗಬೇಕೆಂದಿಲ್ಲ, ಗುಂಪು ತಿಳಿದರೆ ಅರ್ಧ ಕೆಲಸ ಮುಗಿಯಿತು. ಉತ್ತರ ಅಮೆರಿಕದಲ್ಲಿ ಎಲೆಯ ಅಂಚಿನ ಹಾಲೆಗಳ ತುದಿಯಲ್ಲಿ ಸಣ್ಣ ಮುಳ್ಳುಗೂದಲು ಇದ್ದರೆ ಕೆಂಪು ಓಕ್ ಗುಂಪು. ತುದಿ ಗುಂಡಗೆ, ಮುಳ್ಳಿಲ್ಲದೆ ಇದ್ದರೆ ಬಿಳಿ ಓಕ್ ಗುಂಪು. ಯುರೋಪಿನಲ್ಲಿ ಸಾಮಾನ್ಯ ಇಂಗ್ಲಿಷ್ ಓಕ್‌ನ ಕಾಯಿ ಉದ್ದ ತೊಟ್ಟಿನಲ್ಲಿ ತೂಗುತ್ತದೆ. ಸೆಸೈಲ್ ಓಕ್‌ನ ಕಾಯಿಗೆ ತೊಟ್ಟೇ ಇಲ್ಲ ಎನ್ನಬೇಕು, ಕಡ್ಡಿಗೇ ಅಂಟಿ ಕೂತಿರುತ್ತದೆ. ಟರ್ಕಿ ಓಕ್ ಬೇರೆಯೇ ಗುಂಪು. ಅದರ ಮೊಗ್ಗಿನ ಸುತ್ತ ಮೀಸೆಯಂಥ ಎಳೆಗಳು, ಕಾಯಿಯ ಬಟ್ಟಲಿನ ಮೇಲೆ ಪಾಚಿ ಕಟ್ಟಿದಂಥ ರೋಮ. ಈ ಟರ್ಕಿ ಓಕ್ ಅನ್ನು ನೆನಪಲ್ಲಿಟ್ಟುಕೊಳ್ಳಿ, ಕತೆಯಲ್ಲಿ ಮತ್ತೆ ಬರುತ್ತದೆ.

ಎಲೆಯ ಅಡಿಯಲ್ಲಿ ಚಪ್ಪಟೆ ಬಿಲ್ಲೆಗಳಿವೆ, ನೂರಾರು. ಇವೇನು?

ಯುರೋಪಿನಲ್ಲಿ ಬೇಸಿಗೆ ಕೊನೆಯಲ್ಲಿ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಇವು ನ್ಯೂರೊಟೆರಸ್ ಎಂಬ ಕುಲದ ಕಣಜಗಳ ಗಂಟುಗಳು. ಭೂತಗನ್ನಡಿ ಹಿಡಿದು ನೋಡಿದರೆ ಮೂರು ಬಗೆ ಬೇರೆ ಬೇರೆಯಾಗಿ ಕಾಣುತ್ತವೆ.

ಸುಮಾರು 5-6 ಮಿಲಿಮೀಟರ್ ಅಗಲದ ಬಿಲ್ಲೆ, ನಡುವೆ ಸ್ವಲ್ಪ ಉಬ್ಬು, ಮೈಮೇಲೆ ಕೆಂಗಂದು ರೋಮಗಳ ಚಿಕ್ಕ ಚಿಕ್ಕ ಗೊಂಚಲು ಇದ್ದರೆ ಅದು ಸಾಮಾನ್ಯ ಸ್ಪ್ಯಾಂಗಲ್ ಗಂಟು. ಒಂದೇ ಎಲೆಯಲ್ಲಿ ನೂರರ ತನಕ ಇರಬಹುದು. ಮೂರೇ ಮಿಲಿಮೀಟರ್ ಅಗಲ, ನಡುವೆ ಗುಳಿ, ಸುತ್ತ ಹೊನ್ನಿನ ಬಣ್ಣದ ರೇಷ್ಮೆ ಎಳೆ ಸುತ್ತಿದಂಥ ಉಂಗುರ ಇದ್ದರೆ ಅದು ಸಿಲ್ಕ್ ಬಟನ್ ಗಂಟು. ಹೆಸರಿಟ್ಟವರಿಗೆ ಒಂದು ನಮಸ್ಕಾರ, ನಿಜಕ್ಕೂ ರೇಷ್ಮೆ ಗುಂಡಿಯೇ. ಇದರ ಲ್ಯಾಟಿನ್ ಹೆಸರು ನ್ಯೂಮಿಸ್ಮಾಲಿಸ್ ನಾಣ್ಯವನ್ನು ನೆನಪಿಸುವ ಹೆಸರು. ರೋಮವೇ ಇಲ್ಲದೆ ನುಣುಪಾಗಿ, ಅಂಚು ತಟ್ಟೆಯ ಹಾಗೆ ಮೇಲಕ್ಕೆ ಮಡಚಿಕೊಂಡಿದ್ದರೆ ನುಣುಪು ಸ್ಪ್ಯಾಂಗಲ್. ಮೂರೂ ಒಂದೇ ಎಲೆಯಲ್ಲಿ ಒಟ್ಟಿಗೆ ಸಿಗುವುದೂ ಉಂಟು. ಅಂಥ ಎಲೆ ಸಿಕ್ಕರೆ ಅದನ್ನೇ ಪಾಠ ಮಾಡಿಕೊಳ್ಳಿ.

ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಈ ಬಿಲ್ಲೆಗಳು ಎಲೆಗಿಂತ ಮೊದಲೇ ಉದುರುತ್ತವೆ. ಆಮೇಲೆ ತರಗೆಲೆ ಬಿದ್ದು ಮೇಲೆ ಕಂಬಳಿ ಹೊದಿಸಿದಂತಾಗುತ್ತದೆ. ನೆಲದ ತೇವದಲ್ಲಿ ಬಿಲ್ಲೆ ಇನ್ನೂ ಊದಿಕೊಳ್ಳುತ್ತದೆ, ಒಳಗಿನ ಮರಿಹುಳು ಬೆಳೆಯುತ್ತಲೇ ಇರುತ್ತದೆ. ವಸಂತಕ್ಕೆ ಕಣಜ ಹೊರಬರುತ್ತದೆ.

ಎಲೆಯ ನರಕ್ಕೆ ಚೆರಿ ಹಣ್ಣಿನಂಥ ಚೆಂಡು ಅಂಟಿದೆ.

ಕೆಳಭಾಗದಲ್ಲಿ, ದಪ್ಪ ನರದ ಮೇಲೆ, 2 ಸೆಂಟಿಮೀಟರ್ ತನಕ, ಮೆದುವಾಗಿ ರಸಭರಿತವಾಗಿದ್ದರೆ ಅದು ಚೆರಿ ಗಂಟು. ಮಾಡಿಸಿದ್ದು ಸಿನಿಪ್ಸ್ ಕ್ವೆರ್ಕಸ್‌ಫೋಲಿ. ಎಲೆಯ ಜೊತೆಗೇ ಉದುರುತ್ತದೆ. ಚಳಿಗಾಲದ ನಡುವೆ ಕಣಜ ಅದನ್ನು ಕೊರೆದು ಹೊರಬಂದು ಕಾಂಡದ ಮೇಲಿನ ಮಲಗಿದ ಮೊಗ್ಗುಗಳಲ್ಲಿ ಮೊಟ್ಟೆ ಇಡುತ್ತದೆ. ಅಲ್ಲಿ ಹುಟ್ಟುವುದು ನೇರಳೆ ಬಣ್ಣದ, ಮಖಮಲ್ಲಿನಂಥ, ಎರಡು-ಮೂರು ಮಿಲಿಮೀಟರ್‌ನ ಇನ್ನೊಂದು ಗಂಟು. ಚೆಂಡು ಬಟಾಣಿಗಿಂತ ದೊಡ್ಡದಿಲ್ಲ, ಗಟ್ಟಿಯಾಗಿದೆ ಎಂದಾದರೆ ಅದೇ ಕುಲದ ಬೇರೆ ಜಾತಿ ಇರಬಹುದು. ಪಟ್ಟೆ ಇದ್ದರೆ ಅದೂ ಇನ್ನೊಂದು.

ಓಕ್ ಆ್ಯಪಲ್ ಮತ್ತು ಮಾರ್ಬಲ್ ಗಂಟು: ಎರಡೂ ಒಂದೇನಾ?

ಅಲ್ಲವೇ ಅಲ್ಲ, ಆದರೆ ಎರಡನ್ನೂ ಓಕ್ ಆ್ಯಪಲ್ ಎಂದು ಕರೆಯುವವರು ಬಹಳ ಮಂದಿ. ಗಂಟುಗಳ ಲೋಕದಲ್ಲಿ ಇದಕ್ಕಿಂತ ಹಳೆಯ ಗೊಂದಲ ಇನ್ನೊಂದು ಇರಲಿಕ್ಕಿಲ್ಲ.

ನಿಜವಾದ ಓಕ್ ಆ್ಯಪಲ್ ಮೇ ತಿಂಗಳಲ್ಲಿ ಮೊಗ್ಗಿನ ಜಾಗದಲ್ಲಿ ಏಳುತ್ತದೆ. 4-5 ಸೆಂಟಿಮೀಟರ್ ತನಕ ಬೆಳೆಯುತ್ತದೆ. ಬೆಣ್ಣೆ ಬಣ್ಣದ ಮೇಲೆ ಗುಲಾಬಿ ಛಾಯೆ, ಒತ್ತಿದರೆ ಸ್ಪಂಜಿನ ಹಾಗೆ ತಗ್ಗುತ್ತದೆ. ಕೊಯ್ದರೆ ಒಳಗೆ ಹತ್ತಾರು ಕೋಣೆ, ಒಂದೊಂದರಲ್ಲೂ ಒಂದು ಮರಿಹುಳು. ಬೇಸಿಗೆಯಲ್ಲಿ ಕಣಜಗಳು ಹೊರಟುಹೋದ ಮೇಲೆ ಅದು ತೂತುತೂತಾದ ಕಂದು ಕಾಗದದ ಉಂಡೆಯಂತೆ ಕಡ್ಡಿಗೆ ನೇತಾಡಿಕೊಂಡಿರುತ್ತದೆ.

ಮಾರ್ಬಲ್ ಗಂಟು ಹೆಸರಿಗೆ ತಕ್ಕ ಗೋಲಿ. ಎರಡು, ಎರಡೂವರೆ ಸೆಂಟಿಮೀಟರ್. ಮೊದಲು ಹಸಿರು, ಬೇಸಿಗೆ ಕೊನೆಗೆ ಕಂದು. ಉಗುರಿನಿಂದ ತಟ್ಟಿದರೆ ಟಕ್ ಎನ್ನುತ್ತದೆ. ಒಳಗೆ ನಟ್ಟನಡುವೆ ಒಂದೇ ಕೋಣೆ, ಹೊರಗೆ ಒಂದೇ ದೊಡ್ಡ ತೂತು. ವರ್ಷಗಟ್ಟಲೆ ಕಡ್ಡಿ ಬಿಡುವುದಿಲ್ಲ. ಎಲೆ ಉದುರಿದ ಬೋಳು ಕಡ್ಡಿಯಲ್ಲಿ ಸಾಲಾಗಿ ಗೋಲಿ ಕಂಡರೆ ಇದೇ. ಮಾಡಿಸಿದ್ದು ಆಂಡ್ರಿಕಸ್ ಕೊಲ್ಲಾರಿ. ಸುಮಾರು 1830ರ ಹೊತ್ತಿಗೆ ಶಾಯಿ ಮತ್ತು ಬಣ್ಣ ಮಾಡಲೆಂದೇ ಇದನ್ನು ಇಂಗ್ಲೆಂಡಿನ ಡೆವನ್‌ಗೆ ತಂದರು. ಇದಕ್ಕೆ ಟರ್ಕಿ ಓಕ್ ಕೂಡ ಬೇಕು. ಒಂದು ತಲೆಮಾರು ಇಂಗ್ಲಿಷ್ ಓಕ್‌ನಲ್ಲಿ ಗೋಲಿ ಮಾಡಿದರೆ, ಮುಂದಿನದು ಟರ್ಕಿ ಓಕ್‌ನ ಮೊಗ್ಗಿನಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಗಂಟು ಮಾಡುತ್ತದೆ.

ಗೊಂದಲ ಇನ್ನೂ ಮುಗಿದಿಲ್ಲ. ಉತ್ತರ ಅಮೆರಿಕದಲ್ಲಿ ಓಕ್ ಆ್ಯಪಲ್ ಎನ್ನುವುದು ಆಂಫಿಬೋಲಿಪ್ಸ್ ಕುಲದ ಗಂಟುಗಳನ್ನು. ಅವು ಕೆಂಪು ಓಕ್ ಗುಂಪಿನ ಎಲೆಯಿಂದ ಬರುತ್ತವೆ, ಒಳಗೆ ಒಂದೇ ಮರಿಹುಳು. ಒಂದು ಜಾತಿಯಲ್ಲಂತೂ ನಡುವಿನ ಕೋಣೆಯಿಂದ ಸಿಪ್ಪೆಯ ತನಕ ಸೂರ್ಯನ ಕಿರಣಗಳ ಹಾಗೆ ತೆಳು ಎಳೆಗಳಷ್ಟೇ, ಮಿಕ್ಕಿದ್ದೆಲ್ಲ ಟೊಳ್ಳು. ಕೊಯ್ದು ನೋಡಿ ಅಂದದ್ದು ಇದಕ್ಕೇ.

ಓಕ್ ಕಾಯಿ ಕರಗಿದ ಮೇಣದ ಹಾಗೆ ವಿಕಾರವಾಗಿದೆ. ಕಾಯಿಲೆಯಾ?

ನಾಪರ್ ಗಂಟು. ಕಾಯಿಗೂ ಬಟ್ಟಲಿಗೂ ನಡುವೆ ಎದ್ದು, ಏಣುಏಣಾಗಿ ಬೆಳೆದು ಕಾಯಿಯನ್ನು ಅರ್ಧವೋ ಪೂರ್ತಿಯೋ ನುಂಗಿಹಾಕುತ್ತದೆ. ಮೊದಲು ಹಸಿರು, ಮುಟ್ಟಿದರೆ ಅಂಟು. ಆಮೇಲೆ ಕಂದಾಗಿ ಗಟ್ಟಿಯಾಗುತ್ತದೆ. ಇದರ ಕಣಜ ಆಂಡ್ರಿಕಸ್ ಕ್ವೆರ್ಕಸ್‌ಕ್ಯಾಲಿಸಿಸ್ ಬ್ರಿಟನ್‌ನಲ್ಲಿ ನೆಲೆಯೂರಿದ್ದು 1960ರ ದಶಕದಲ್ಲಿ. ಅದಕ್ಕೂ ದಾರಿ ಮಾಡಿಕೊಟ್ಟದ್ದು 18ನೇ ಶತಮಾನದಲ್ಲಿ ತೋಟಗಳಿಗೆಂದು ತಂದು ನೆಟ್ಟ ಟರ್ಕಿ ಓಕ್. ಅದರ ಒಂದು ತಲೆಮಾರು ಟರ್ಕಿ ಓಕ್‌ನ ಗಂಡು ಹೂಗೊಂಚಲಿನಲ್ಲೇ ಹುಟ್ಟಬೇಕು. ಶುರುವಿನ ವರ್ಷಗಳಲ್ಲಿ ಇನ್ನು ಇಂಗ್ಲಿಷ್ ಓಕ್‌ಗೆ ಕಾಯಿಯೇ ಇರುವುದಿಲ್ಲ ಎಂದು ಜನ ಹೆದರಿದ್ದರು. ಹಾಗೇನೂ ಆಗಲಿಲ್ಲ. ಕೆಲವು ವರ್ಷ ಜಾಸ್ತಿ, ಕೆಲವು ವರ್ಷ ಕಡಿಮೆ, ಮರಗಳು ಕಾಯಿ ಬಿಡುತ್ತಲೇ ಇವೆ.

ಮೊಗ್ಗು ಪದರಪದರವಾಗಿ ಊದಿ ಪುಟ್ಟ ಕಮಲದ ಮೊಗ್ಗಿನ ಹಾಗಿದೆ.

ಆರ್ಟಿಚೋಕ್ ಗಂಟು. ಒಳಗಿನ ಬೀಜದಂಥ ಗಟ್ಟಿ ಭಾಗವೇ ಅಸಲಿ ಗಂಟು, ಅದು ಶರತ್ಕಾಲದಲ್ಲಿ ಉದುರಿಹೋಗುತ್ತದೆ. ಖಾಲಿ ಪದರಗಳು ಬಾಯಿ ತೆರೆದುಕೊಂಡು ಕಡ್ಡಿಯಲ್ಲೇ ಉಳಿಯುತ್ತವೆ.

ಅಮೆರಿಕದ ಓಕ್‌ಗಳಲ್ಲಿ ಸುಲಭವಾಗಿ ಗುರುತು ಸಿಗುವವು ಯಾವುವು?

ಬಿಳಿ ಓಕ್‌ನಲ್ಲಿ ವಸಂತದ ಕೊನೆಗೆ ಗುಲಾಬಿ ಚುಕ್ಕೆಯ ಬಿಳಿ ಹತ್ತಿಯುಂಡೆ ಕಂಡರೆ ಅದು ವೂಲ್ ಸೋವರ್. ಬಿಡಿಸಿದರೆ ಹತ್ತಿಯೊಳಗೆ ಬೀಜದಂಥ ಕೋಣೆಗಳು. ಇದನ್ನು ಬೇರೆ ಯಾವುದಕ್ಕೂ ಹೋಲಿಸಿ ತಪ್ಪುವುದು ಕಷ್ಟ. ಅದೇ ಬಿಳಿ ಓಕ್ ಎಲೆಯ ಮೇಲೆ ಕೆಂಪು ಮುಳ್ಳುಗೂದಲಿನ ಪುಟ್ಟ ಉಂಡೆ ಇದ್ದರೆ ಹೆಡ್ಜ್‌ಹಾಗ್ ಗಂಟು.

ಪಿನ್ ಓಕ್‌ನ ಕಡ್ಡಿಯ ಸುತ್ತ ಮರದಷ್ಟು ಗಟ್ಟಿಯಾದ ದೊಡ್ಡ ಗಡ್ಡೆ ಬೆಳೆದು, ಅದರಿಂದ ಸಣ್ಣ ಕೊಂಬುಗಳು ಹೊರಟಿದ್ದರೆ ಹಾರ್ನ್‌ಡ್ ಗಂಟು. ಕೊಂಬಿಲ್ಲದೆ ಬರೀ ಗಡ್ಡೆಯಾದರೆ ಗೌಟಿ ಗಂಟು. ಕೊಂಬಿನ ಗಂಟಿನೊಳಗೆ ಮರಿಹುಳು ಬೆಳೆಯಲು ಎರಡು ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ. ಆದರೆ ಅದರ ಮುಂದಿನ ತಲೆಮಾರು ಎಲೆಯ ನರದ ಮೇಲೆ ಸಣ್ಣ ಬೊಕ್ಕೆಯಂಥ ಗಂಟು ಮಾಡಿ ಕೆಲವೇ ವಾರಗಳಲ್ಲಿ ಹೊರಟುಬಿಡುತ್ತದೆ.

ಕ್ಯಾಲಿಫೋರ್ನಿಯಾದ ವ್ಯಾಲಿ ಓಕ್‌ನಲ್ಲಿ ಕಡ್ಡಿಗೆ ಸೇಬಿನಂಥ ಚೆಂಡುಗಳು ತೂಗುತ್ತಿದ್ದರೆ ಅದು ಆಂಡ್ರಿಕಸ್ ಕ್ವೆರ್ಕಸ್‌ಕ್ಯಾಲಿಫೋರ್ನಿಕಸ್. 10 ಸೆಂಟಿಮೀಟರ್ ತನಕವೂ ಬೆಳೆಯುತ್ತದೆ. ಮಾಡಿಸಿದ ಕಣಜ ಕೆಲವೇ ಮಿಲಿಮೀಟರ್ ಉದ್ದ.

ಒಂದೇ ಕಣಜ ಎರಡು ಬೇರೆ ಗಂಟು ಮಾಡುತ್ತದೆ ಅಂತೀರಲ್ಲ, ಅದು ಹೇಗೆ ಸಾಧ್ಯ?

ಈ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಪ್ರಶ್ನೆ ಇದು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುವ ಗಾದೆ ಓಕ್ ಕಣಜಗಳಲ್ಲಿ ನಡೆಯುವುದಿಲ್ಲ. ಇಲ್ಲಿ ಮಗಳು ಅಜ್ಜಿಯಂತೆ.

ಸಾಮಾನ್ಯ ಸ್ಪ್ಯಾಂಗಲ್ ಗಂಟನ್ನೇ ತಗೊಳ್ಳಿ. ವಸಂತದಲ್ಲಿ ಆ ಬಿಲ್ಲೆಗಳಿಂದ ಬರುವುದು ಬರೀ ಹೆಣ್ಣುಗಳು. ಗಂಡಿನ ಹಂಗಿಲ್ಲದೆ ಅವು ಓಕ್‌ನ ಮೊಗ್ಗುಗಳಲ್ಲಿ ಮೊಟ್ಟೆ ಇಡುತ್ತವೆ. ಮೇ ಹೊತ್ತಿಗೆ ಹೂಗೊಂಚಲಿನಲ್ಲಿ, ಎಳೆ ಎಲೆಗಳಲ್ಲಿ ಕೆಂಪು ದ್ರಾಕ್ಷಿಯಂಥ ರಸಭರಿತ ಗುಂಡುಗಳು ತೂಗುತ್ತವೆ. ಹೆಸರು ಕರೆಂಟ್ ಗಂಟು. ವಿದ್ಯುತ್ತಿನ ಕರೆಂಟ್ ಅಲ್ಲ, ಆ ಹೆಸರಿನ ಪುಟ್ಟ ಕೆಂಪು ಹಣ್ಣು. ಅದರಿಂದ ಜೂನ್‌ನಲ್ಲಿ ಗಂಡೂ ಹೆಣ್ಣೂ ಬರುತ್ತವೆ. ಅವು ಕೂಡಿದ ಮೇಲೆ ಹೆಣ್ಣು ಎಲೆಯ ಅಡಿಯಲ್ಲಿ ಮೊಟ್ಟೆ ಇಡುತ್ತದೆ, ಮತ್ತೆ ಬಿಲ್ಲೆಗಳು. ಬಿಲ್ಲೆ, ದ್ರಾಕ್ಷಿ, ಬಿಲ್ಲೆ, ದ್ರಾಕ್ಷಿ. ಗಂಟು ಮಾತ್ರವಲ್ಲ, ಎರಡು ತಲೆಮಾರಿನ ಕಣಜಗಳೂ ಬೇರೆ ಬೇರೆಯಾಗಿ ಕಾಣುತ್ತವೆ. ಹಾಗಾಗಿ ಹಿಂದಿನವರು ಎಷ್ಟೋ ಜಾತಿಗಳಿಗೆ ತಿಳಿಯದೆ ಎರಡೆರಡು ಹೆಸರಿಟ್ಟಿದ್ದರು. ಹೆರ್ಮನ್ ಆಡ್ಲರ್ ಎಂಬ ಜರ್ಮನ್ ವೈದ್ಯ ಓಕ್ ಸಸಿಗಳ ಮೇಲೆ ಕಣಜಗಳನ್ನು ಸಾಕಿ, ಯಾವುದರಿಂದ ಯಾವುದು ಹುಟ್ಟುತ್ತದೆ ಎಂದು ತಾಳ್ಮೆಯಿಂದ ನೋಡಿ 1881ರಲ್ಲಿ ಈ ಗುಟ್ಟನ್ನು ವಿವರವಾಗಿ ಬರೆದ.

ಗಂಟಿನ ಮೂಲದ ಬಗ್ಗೆಯೂ ದೊಡ್ಡ ದೊಡ್ಡವರು ಎಡವಿದ್ದಾರೆ. 17ನೇ ಶತಮಾನದಲ್ಲಿ ಕೊಳೆತ ಮಾಂಸದಿಂದ ಹುಳು ತಾನಾಗಿ ಹುಟ್ಟುವುದಿಲ್ಲ ಎಂದು ತೋರಿಸಿಕೊಟ್ಟ ಇಟಲಿಯ ಫ್ರಾನ್ಸೆಸ್ಕೊ ರೇದಿಯೇ ಗಂಟಿನ ಹುಳುಗಳನ್ನು ಮರವೇ ಹುಟ್ಟಿಸುತ್ತದೆ ಎಂದು ನಂಬಿದ್ದ. ಕೆಲವೇ ವರ್ಷಗಳಲ್ಲಿ, 1679ರಲ್ಲಿ, ಅವನ ದೇಶದವನೇ ಆದ ಮಾರ್ಚೆಲ್ಲೊ ಮಾಲ್ಪೀಗಿ, ಕೀಟ ಇಟ್ಟ ಮೊಟ್ಟೆಯಿಂದಲೇ ಗಂಟು ಎಂದು ತೋರಿಸಿದ. ಇನ್ನೊಂದು ಹೆಸರು ಕೇಳಿದರೆ ನಗು ಬರಬಹುದು. ಮನುಷ್ಯರ ಲೈಂಗಿಕ ನಡವಳಿಕೆಯ ಅಧ್ಯಯನದಿಂದ 1948ರ ನಂತರ ಪ್ರಪಂಚಕ್ಕೇ ಗೊತ್ತಾದ ಆಲ್‌ಫ್ರೆಡ್ ಕಿನ್ಸಿ ಅದಕ್ಕೂ ಮೊದಲು ಎರಡು ದಶಕ ಗಂಟಿನ ಕಣಜಗಳ ಬೆನ್ನು ಹತ್ತಿದ್ದವನು. ಅವನು ಕೂಡಿಟ್ಟ ಲಕ್ಷಗಟ್ಟಲೆ ಮಾದರಿಗಳು ಈಗ ನ್ಯೂಯಾರ್ಕ್‌ನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿವೆ.

ಎಲ್ಲಾ ಗಂಟೂ ಕಣಜದ್ದೇನಾ?

ಓಕ್‌ನಲ್ಲಿ ಬಹುಪಾಲು ಕಣಜದ್ದೇ, ಎಲ್ಲವೂ ಅಲ್ಲ. ಪರೀಕ್ಷೆ ಸುಲಭ. ಕಣಜದ ಗಂಟಿನ ಕೋಣೆ ಎಲ್ಲ ಕಡೆಯಿಂದಲೂ ಮುಚ್ಚಿರುತ್ತದೆ. ಒಳಗಿನ ಮರಿಹುಳು ಬೆಳ್ಳಗೆ, ಕಾಲಿಲ್ಲದೆ, ದಪ್ಪಗೆ ಬಾಗಿಕೊಂಡಿರುತ್ತದೆ.

ಎಲೆಯ ಅಂಚು ಮಡಚಿಕೊಂಡು, ಬಿಡಿಸಿದರೆ ಒಳಗೆ ಸಣ್ಣ ಹುಳುಗಳು ಸಿಕ್ಕರೆ ಅದು ಮಿಡ್ಜ್ ಎಂಬ ಪುಟ್ಟ ನೊಣದ ಕೆಲಸ. ಎಲೆ ಉಬ್ಬಿ ಅದರ ಹಿಂಬದಿಯಲ್ಲಿ ಕಂದು ಮಖಮಲ್ಲು ಅಂಟಿಸಿದಂತಿದ್ದರೆ ನುಸಿ. ಹೋಮ್ ಓಕ್‌ನಲ್ಲಿ ಇದು ಸಾಮಾನ್ಯ. ಉಬ್ಬು ಇದೆ, ಕೋಣೆಯೂ ಇಲ್ಲ ಹುಳುವೂ ಇಲ್ಲ ಎಂದಾದರೆ ಶಿಲೀಂಧ್ರದಿಂದ ಬಂದ ಎಲೆಬೊಕ್ಕೆ ಇರಬಹುದು. ಕಾಂಡದ ಮೇಲಿನ ದೊಡ್ಡ ಗಡ್ಡೆಗಳಿಗೂ ಈ ಕಣಜಗಳಿಗೂ ಸಂಬಂಧವಿಲ್ಲ.

ಅತಿ ಹೆಚ್ಚು ಮೋಸ ಮಾಡುವುದು ಕರ್ಮೀಸ್ ಎಂಬ ಶಲ್ಕ ಕೀಟ. ಕಡ್ಡಿಯ ಕವಲಿನಲ್ಲಿ ಹೊಳೆಯುವ ಕಂದು ಮಣಿಯಂತೆ ಕೂತಿರುತ್ತದೆ, ಅಲುಗಾಡುವುದೇ ಇಲ್ಲ. ಉಗುರಿನಿಂದ ಮೆಲ್ಲಗೆ ಎಬ್ಬಿಸಿ. ಗಂಟಾದರೆ ಮರದ ಭಾಗವೇ ಆದ್ದರಿಂದ ಕಿತ್ತಲ್ಲಿ ಗಾಯ ಉಳಿಯುತ್ತದೆ. ಶಲ್ಕ ಕೀಟವಾದರೆ ಇಡಿಯಾಗಿ ಎದ್ದು ಬರುತ್ತದೆ, ಕೆಳಗೆ ತೊಗಟೆ ಹಾಗೇ ಇರುತ್ತದೆ.

ಗಂಟಿನ ಮೇಲೆ ತುಂಬಾ ತೂತುಗಳಿವೆ. ಅಷ್ಟೂ ಕಣಜಗಳು ಒಳಗಿದ್ದವಾ?

ತೂತು ಒಳಗಿನ ಸಂಸಾರದ ಕತೆ ಹೇಳುತ್ತದೆ. ಮಾರ್ಬಲ್ ಗಂಟಿನಲ್ಲಿ ಒಂದೇ ದೊಡ್ಡ ದುಂಡನೆಯ ತೂತಿದ್ದರೆ ಮನೆಯ ಯಜಮಾನಿ ಸುಖವಾಗಿ ಹೊರಟಿದ್ದಾಳೆ. ಸಣ್ಣ ಸಣ್ಣ ತೂತು ಹಲವಾರಿದ್ದರೆ ಮನೆಗೆ ಬೇರೆಯವರು ನುಗ್ಗಿದ್ದರು. ತೂತಿನ ಬದಲು ಸಿಪ್ಪೆಯನ್ನೇ ಕಿತ್ತು ಹಳ್ಳ ತೋಡಿದ್ದರೆ ಮರಕುಟಿಗದಂಥ ಹಕ್ಕಿ ಬಂದು ಹೋಗಿದೆ. ಓಕ್ ಆ್ಯಪಲ್‌ಗೆ ಈ ಲೆಕ್ಕ ಹಾಕಬೇಡಿ, ಅದರಲ್ಲಿ ಕೋಣೆಗಳೇ ಜಾಸ್ತಿ.

ಗಂಟನ್ನು ಬಾಟಲಿಯಲ್ಲಿಟ್ಟೆ. ಹಸಿರು ಲೋಹದಂತೆ ಹೊಳೆಯುವ ಹುಳು ಬಂತು. ಇದೇ ಅಲ್ವಾ ಓಕ್ ಕಣಜ?

ಅಲ್ಲ. ಓಕ್ ಕಣಜಗಳು ಮಿನುಗುವುದಿಲ್ಲ. ಕಪ್ಪೋ ಕಂದೋ ಮಂಕು ಬಣ್ಣ, ಗೂನು ಬೆನ್ನು, ಎರಡೂ ಬದಿಯಿಂದ ಒತ್ತಿದಂಥ ಹೊಟ್ಟೆ. ನಿಮಗೆ ಸಿಕ್ಕಿದ್ದು ಅದನ್ನು ತಿಂದವನು. ಟೋರಿಮಸ್‌ನಂಥ ಪರಾವಲಂಬಿ ಕಣಜಗಳು ಉದ್ದನೆಯ ಸೂಜಿಯನ್ನು ಗಂಟಿನೊಳಕ್ಕೆ ಇಳಿಸಿ ಮರಿಹುಳುವಿನ ಮೇಲೆ ಮೊಟ್ಟೆ ಇಡುತ್ತವೆ. ಇನ್ನೊಂದು ಬಗೆ ಸಿನರ್ಗಸ್. ಇವು ಬಾಡಿಗೆ ಕೊಡದ ಬಾಡಿಗೆದಾರರು. ತಾವಾಗಿ ಗಂಟು ಮಾಡಿಸಲು ಬಾರದು, ಬೇರೆಯವರ ಗಂಟಿನ ಗೋಡೆ ಮೇಯುತ್ತವೆ. ಇವು ನೋಡಲು ಓಕ್ ಕಣಜದ ಹಾಗೇ ಇರುವುದರಿಂದ ತಲೆನೋವು ಹೆಚ್ಚು. ಬಾಟಲಿಯಿಂದ ಬಂದದ್ದನ್ನೆಲ್ಲ ಮನೆಯೊಡೆಯ ಎಂದು ಬರೆದಿಟ್ಟ ತಪ್ಪನ್ನು ನಾನೂ ಮಾಡಿದ್ದೇನೆ.

ಇವುಗಳಲ್ಲಿ ಕ್ರೂರಿ ಎಂದರೆ 2017ರಲ್ಲಿ ಹೆಸರು ಪಡೆದ ಯುಡೆರಸ್ ಸೆಟ್. ಅಮೆರಿಕದಲ್ಲಿ ಬಸೆಟಿಯಾ ಪ್ಯಾಲಿಡಾ ಎಂಬ ಕಣಜ ಓಕ್ ಕಡ್ಡಿಯೊಳಗೆ ಬೆಳೆದು, ಸಮಯ ಬಂದಾಗ ತೂತು ಕೊರೆದು ಹೊರಬರುತ್ತದೆ. ಯುಡೆರಸ್ ಒಳಹೊಕ್ಕಿದ್ದರೆ ಆ ಬಡಪಾಯಿ ತನಗೆ ಸಾಲದಷ್ಟು ಸಣ್ಣ ತೂತು ಕೊರೆದು, ತಲೆಯನ್ನು ಬಿರಡೆಯ ಹಾಗೆ ಸಿಕ್ಕಿಸಿಕೊಂಡು ಸಾಯುತ್ತದೆ. ಪರಾವಲಂಬಿ ಅದನ್ನು ಒಳಗಿನಿಂದ ತಿಂದು, ಆ ತಲೆಯನ್ನೇ ಕೊರೆದು ಹೊರಬರುತ್ತದೆ.

ಸಾಕುವುದಾದರೆ ಪೂರ್ತಿ ಬಲಿತ ಗಂಟನ್ನೇ ತಗೊಳ್ಳಿ. ಎಳೆಯದು ಒಣಗಿ ಒಳಗಿನದು ಸಾಯುತ್ತದೆ. ಬಾಟಲಿಯ ಬಾಯಿಗೆ ತೆಳು ಬಟ್ಟೆ ಕಟ್ಟಿ ಹೊರಗೆ ನೆರಳಲ್ಲಿಡಿ, ಚೂರು ತೇವ ಇರಲಿ. ಚೀಟಿಯಲ್ಲಿ ಓಕ್, ಭಾಗ, ತಾರೀಕು ಬರೆಯಿರಿ. ಕೆಲವು ವಾರದಲ್ಲಿ ಬರುತ್ತವೆ, ಕೆಲವು ಎರಡು ವರ್ಷ ಕಾಯಿಸುತ್ತವೆ.

ಉದುರಿದ ಗಂಟುಗಳು ನೆಲದಲ್ಲಿ ಕುಪ್ಪಳಿಸುತ್ತಿವೆ. ಕಣ್ಣಿನ ಭ್ರಮೆಯಾ?

ಅಲ್ಲ. ವ್ಯಾಲಿ ಓಕ್‌ನ ಎಲೆಯಿಂದ ಉದುರುವ, ಸಾಸಿವೆ ಕಾಳಿಗಿಂತ ದೊಡ್ಡದಿಲ್ಲದ ಗಂಟು ನ್ಯೂರೊಟೆರಸ್ ಸಾಲ್ಟಟೋರಿಯಸ್‌ನದು. ಒಳಗಿನ ಮರಿಹುಳು ಮೈ ಬಿಗಿದು ಸಡಿಲಿಸಿದಾಗ ಇಡೀ ಗಂಟು ಜಿಗಿಯುತ್ತದೆ. ಹಾಗೇ ಹಾರುತ್ತಾ ಮಣ್ಣಿನ ಬಿರುಕಿಗೋ ತರಗೆಲೆಯ ಅಡಿಗೋ ಸೇರುತ್ತದೆ.

ಗಂಟಿಗೆ ಇರುವೆ ಮುತ್ತುತ್ತಿವೆ. ಯಾಕೆ?

ಕೆಲವು ಗಂಟುಗಳು ಹೊರಮೈಯಲ್ಲಿ ಸಿಹಿ ದ್ರವ ಒಸರುತ್ತವೆ. ಬರ್ ಓಕ್‌ನ ಕಡ್ಡಿಯಲ್ಲಿ ಸಾಲಾಗಿ ಬರುವ, ತುದಿಯಲ್ಲಿ ಮೊನೆಯಿರುವ ಗಂಟು ಇದಕ್ಕೆ ಹೆಸರುವಾಸಿ. ಬೇಸಿಗೆ ಕೊನೆಯಲ್ಲಿ ಅದರ ಮೇಲೆ ಇರುವೆ, ಜೇನು ಎಲ್ಲ ಸೇರುತ್ತವೆ. ಇರುವೆಗಳ ಕಾವಲಿದ್ದರೆ ಪರಾವಲಂಬಿಗಳು ಹತ್ತಿರ ಬರುವುದು ಕಷ್ಟ. ಇನ್ನು ಕೆಲವು ಗಂಟುಗಳಿಗೆ ತಲೆಯ ಮೇಲೆ ಇರುವೆಗೆ ಇಷ್ಟವಾಗುವ ಕೊಬ್ಬಿನಂಶದ ಟೋಪಿ ಇರುತ್ತದೆ. ಇರುವೆ ಅದನ್ನು ಗೂಡಿಗೆ ಹೊತ್ತೊಯ್ದು ಟೋಪಿ ತಿಂದು ಗಂಟನ್ನು ಅಲ್ಲೇ ಬಿಡುತ್ತದೆ. ಇದನ್ನು ವಿಜ್ಞಾನಿಗಳು ವರದಿ ಮಾಡಿದ್ದು 2022ರಲ್ಲಷ್ಟೇ.

ಈ ಕಣಜ ಕಚ್ಚುತ್ತಾ?

ಇಲ್ಲ. ಆದರೆ ಪಿನ್ ಓಕ್ ಕೆಳಗೆ ಕೂತು ಬಂದ ಮೇಲೆ ಕತ್ತು, ಭುಜ ಕೆಂಪಾಗಿ ವಿಪರೀತ ತುರಿಕೆ ಶುರುವಾದರೆ ಬೇರೆ ಕಾರಣ ಇರಬಹುದು. ಎಲೆಯಂಚಿನ ಮಿಡ್ಜ್ ಗಂಟುಗಳೊಳಗಿನ ಹುಳುಗಳನ್ನು ತಿನ್ನುವ ಒಂದು ನುಸಿ ಇದೆ. ಬರಿಗಣ್ಣಿಗೆ ಕಾಣುವುದಿಲ್ಲ, ಗಾಳಿಯಲ್ಲಿ ಉದುರಿ ಮನುಷ್ಯರನ್ನೂ ಕಚ್ಚುತ್ತದೆ. 2004ರಲ್ಲಿ ಕಾನ್ಸಸ್ ಸುತ್ತಮುತ್ತ ಹೀಗೆ ಬಹಳ ಜನ ತೊಂದರೆ ಪಟ್ಟಿದ್ದರು. ತಪ್ಪು ಕಣಜದ್ದಲ್ಲ.

ಮರ ಸಾಯುತ್ತಾ? ಔಷಧಿ ಹೊಡೆಯಲಾ?

ಬೇಡ. ಗಂಟು ಕಾಣುವ ಹೊತ್ತಿಗೆ ಮರಿಹುಳು ಗೋಡೆಯೊಳಗೆ ಭದ್ರವಾಗಿರುತ್ತದೆ, ಹೊರಗೆ ಸಿಂಪಡಿಸಿದ್ದು ಅದನ್ನು ಮುಟ್ಟುವುದಿಲ್ಲ. ಸಾಯುವುದು ಅದನ್ನು ಹಿಡಿತದಲ್ಲಿಟ್ಟಿದ್ದ ಪರಾವಲಂಬಿಗಳು. ಎಲೆಯ ಗಂಟು ಎಷ್ಟಿದ್ದರೂ ದೊಡ್ಡ ಮರಕ್ಕೆ ಲೆಕ್ಕಕ್ಕಿಲ್ಲ. ಕಡ್ಡಿಯನ್ನು ಸುತ್ತುವರಿಯುವ ಕೊಂಬಿನ ಗಂಟು, ಗೌಟಿ ಗಂಟು ಜಾಸ್ತಿಯಾದರೆ ಆ ಕಡ್ಡಿಗಳು ಒಣಗುತ್ತವೆ. ಸಣ್ಣ ಮರವಾದರೆ, ಹೊರಬರುವ ತೂತು ಮೂಡುವ ಮೊದಲೇ ಕತ್ತರಿಸಿ ತೆಗೆಯಬಹುದು. ನಿಜವಾಗಿ ಮರ ಕೊಂದ ಉದಾಹರಣೆಯೂ ಇದೆ. 2010ರ ದಶಕದಲ್ಲಿ ಅಮೆರಿಕದ ಕೇಪ್ ಕಾಡ್‌ನಲ್ಲಿ ಜಪಟೆಲ್ಲಾ ಡೇವಿಸೆ ಎಂಬ ಕಣಜ ಕಪ್ಪು ಓಕ್‌ಗಳ ಕಡ್ಡಿಯೊಳಗೆ ತುಂಬಿಕೊಂಡು ಬಹಳ ಮರಗಳನ್ನು ಒಣಗಿಸಿತು. ಅಲ್ಲಿ ಹೊರಗೆ ಉಬ್ಬೂ ಸರಿಯಾಗಿ ಕಾಣುತ್ತಿರಲಿಲ್ಲ. ಕಣ್ಣಿಗೆ ಹೊಡೆಯುವಂತೆ ಕಾಣುವ ಗಂಟುಗಳ ಬಗ್ಗೆ ಜನ ಹೆದರುತ್ತಾರೆ, ಹೆದರಬೇಕಾದದ್ದು ಕಾಣದೇ ಇರುತ್ತದೆ.

ಗಂಟಿನಿಂದ ಶಾಯಿ ಮಾಡುತ್ತಿದ್ದರು ಅನ್ನೋದು ನಿಜಾನಾ?

ನಿಜ. ಗಂಟಿನಲ್ಲಿ ಟ್ಯಾನಿನ್ ಎಂಬ ಒಗರು ಅಂಶ ಜಾಸ್ತಿ. ಪುಡಿ ಮಾಡಿ ನೀರಲ್ಲಿ ನೆನೆಸಿ, ಅನ್ನಭೇದಿ ಎಂಬ ಕಬ್ಬಿಣದ ಲವಣ ಸೇರಿಸಿ, ಸ್ವಲ್ಪ ಗೋಂದು ಹಾಕಿದರೆ ಶಾಯಿ. ಬರೆದಾಗ ತಿಳಿಯಾಗಿ ಕಾಣುತ್ತದೆ, ಗಾಳಿ ತಾಗಿದಂತೆ ಕಬ್ಬಿಣದ ಅಂಶ ಬದಲಾಗಿ ಕಪ್ಪಾಗುತ್ತದೆ. 4ನೇ ಶತಮಾನದ ಗ್ರೀಕ್ ಬೈಬಲ್ ಹಸ್ತಪ್ರತಿ ಕೋಡೆಕ್ಸ್ ಸಿನೈಟಿಕಸ್ ಇಂಥ ಶಾಯಿಯಲ್ಲೇ ಇದೆ. ಶಾಯಿಯಲ್ಲಿ ಹುಳಿ ಅಂಶ ಹೆಚ್ಚಾದ ಕಡೆ ಹಳೆಯ ಕಾಗದದಲ್ಲಿ ಅಕ್ಷರವಿದ್ದಷ್ಟೇ ಜಾಗ ತೂತಾಗಿ ಹೋಗಿದೆ.

ಫೋಟೊ ನೋಡಿ ಹೇಳ್ತೀರಾ?

ಗಂಟನ್ನು ಮಾತ್ರ ಹತ್ತಿರದಿಂದ ತೆಗೆದ ಫೋಟೊ ಸುಮ್ನೆ. ಎಲೆಯ ಎರಡೂ ಬದಿ, ಕಡ್ಡಿಯ ಮೊಗ್ಗು, ಸಿಕ್ಕರೆ ಕಾಯಿ, ಅಳತೆಗೆ ಒಂದು ಸ್ಕೇಲ್, ಕೊಯ್ದ ಗಂಟಿನ ಒಳಭಾಗ, ತಾರೀಕು. ಇಷ್ಟಿದ್ದರೆ ಹೇಳಬಹುದು.

ಚಳಿಗಾಲದಲ್ಲಿ ನೋಡೋಕೆ ಏನಾದರೂ ಇರುತ್ತಾ?

ಇದೆ. ಮಾರ್ಬಲ್ ಗೋಲಿಗಳು ಬೋಳು ಕಡ್ಡಿಯಲ್ಲಿ ಎದ್ದು ಕಾಣುವುದು ಆಗಲೇ. ಅದಕ್ಕಿಂತ ಒಳ್ಳೆಯದು, ಚಳಿಗಾಲದ ಒಂದು ಮಂಕು ದಿನ ಓಕ್ ಕಾಂಡದ ಬುಡದಲ್ಲಿ ಕೂತು ನೋಡುವುದು. ಓಕ್ ಆ್ಯಪಲ್‌ನ ಇನ್ನೊಂದು ತಲೆಮಾರು ಮಣ್ಣೊಳಗೆ ಬೇರಿನ ಗಂಟುಗಳಲ್ಲಿ ಬೆಳೆಯುತ್ತದೆ. ಅಲ್ಲಿಂದ ಬರುವ ಹೆಣ್ಣುಗಳಿಗೆ ರೆಕ್ಕೆಯೇ ಇಲ್ಲ, ನೋಡಿದರೆ ದಪ್ಪ ಹೊಟ್ಟೆಯ ಇರುವೆ ಅನ್ನಿಸುತ್ತದೆ. ಆ ಚಳಿಯಲ್ಲಿ ಅವು ತೊಗಟೆ ಹಿಡಿದು ನಡೆದೇ ಮರ ಹತ್ತುತ್ತವೆ, ತುದಿಯ ಕಡ್ಡಿಗಳ ಮೊಗ್ಗಿನ ತನಕ. ಮೇ ತಿಂಗಳಲ್ಲಿ ಅದೇ ಮೊಗ್ಗುಗಳಲ್ಲಿ ಸ್ಪಂಜಿನ ಸೇಬುಗಳು ಏಳುತ್ತವೆ.